ಗಾಳಿ ನೋಡಿ ದ್ವೀಪ ಆರಿಸಿ

ಗ್ರೀಸ್‌ನ ದ್ವೀಪಗಳಿಗೆ ಮೊದಲ ಸಲ ಹೊರಡುವವರ ಪಟ್ಟಿಯಲ್ಲಿ ದ್ವೀಪಗಳ ಹೆಸರುಗಳಿರುತ್ತವೆ, ತಾರೀಖುಗಳಿರುತ್ತವೆ, ಹೋಟೆಲ್ ಬಾಡಿಗೆಯ ಲೆಕ್ಕವೂ ಇರುತ್ತದೆ. ಗಾಳಿ ಮಾತ್ರ ಇರುವುದಿಲ್ಲ. ಎಂಟು ದಿನಕ್ಕೆ ಆರು ದ್ವೀಪ ಎಂದು ಬರೆದುಕೊಂಡು ಬಂದು ಸಲಹೆ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಗಾಳಿಯನ್ನು ವಿಚಾರಿಸಿ, ಆಮೇಲೆ ಹಡಗನ್ನು ವಿಚಾರಿಸಿ, ದ್ವೀಪದ ಹೆಸರನ್ನು ಕೊನೆಗೆ ಬರೆಯಿರಿ. ಮೆಡಿಟರೇನಿಯನ್ನಿನ ಪೂರ್ವ ಭಾಗದ ಏಜಿಯನ್ ಸಮುದ್ರದಲ್ಲಿ ಸಾವಿರಾರು ವರ್ಷ ಜನ ಓಡಾಡಿದ್ದು ಹೀಗೆಯೇ.

ಆ ಗಾಳಿಯ ಹೆಸರು ಮೆಲ್ಟೆಮಿ. ಬೇಸಿಗೆಯ ನಡುವಿಗೆ ಎದ್ದು, ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಬಲಿತು, ಸೆಪ್ಟೆಂಬರಿನಲ್ಲಿ ನಿಧಾನಕ್ಕೆ ಇಳಿಯುತ್ತದೆ. ಬಡಗಣಿಂದ ಬೀಸುವ ಒಣ ಗಾಳಿ ಇದು. ಬಾಲ್ಕನ್ ಸೀಮೆಯ ಮೇಲೆ ವಾಯುಭಾರ ಹೆಚ್ಚಿರುವಾಗ ಟರ್ಕಿಯ ಅನತೋಲಿಯದ ಮೇಲೆ ವಾಯುಭಾರ ಕುಸಿದಿರುತ್ತದೆ; ಇವೆರಡರ ನಡುವಿನ ಇಳಿಜಾರಿನಲ್ಲಿ ಗಾಳಿ ಏಜಿಯನ್ ಕಡಲಿನ ಮೇಲೆ ನುಗ್ಗುತ್ತದೆ. ನಮಗೆ ಇದರಲ್ಲಿ ಆಸಕ್ತಿ ಹುಟ್ಟಬೇಕಾದ ಕಾರಣವೊಂದಿದೆ. ಅನತೋಲಿಯದ ಆ ವಾಯುಭಾರ ಕುಸಿತ ಪ್ರತ್ಯೇಕವಾದದ್ದಲ್ಲ. ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಮೇಲೆ ಬೇಸಿಗೆಯಲ್ಲಿ ರೂಪುಗೊಳ್ಳುವ, ನಮ್ಮ ಮುಂಗಾರನ್ನು ಒಳನಾಡಿಗೆ ಸೆಳೆಯುವ ದೊಡ್ಡ ಕುಸಿತದ ಪಶ್ಚಿಮದ ಬಾಲ ಅದು. ಮುಂಗಾರು ಮಳೆಯಿಂದ ವಾತಾವರಣದಲ್ಲಿ ಬಿಡುಗಡೆಯಾಗುವ ಶಾಖ ದೂರದ ಪೂರ್ವ ಮೆಡಿಟರೇನಿಯನ್ನಿನ ಮೇಲೆ ಗಾಳಿಯನ್ನು ಕೆಳಕ್ಕೆ ಒತ್ತಿ, ಅಲ್ಲಿ ಮೋಡ ಕಟ್ಟದಂತೆ ಮಾಡುತ್ತದೆ ಎಂಬುದನ್ನು ಹವಾಮಾನ ವಿಜ್ಞಾನಿಗಳಾದ ಮಾರ್ಕ್ ರಾಡ್ವೆಲ್ ಮತ್ತು ಬ್ರಯನ್ ಹಾಸ್ಕಿನ್ಸ್ 1996ರಲ್ಲಿ ತೋರಿಸಿಕೊಟ್ಟರು. ಆಗುಂಬೆಯಲ್ಲಿ ಮಳೆ ಸುರಿಯುವ ದಿನಗಳಲ್ಲಿ ಸ್ಯಾಂಟೊರಿನಿಯ ಆಕಾಶ ಅಷ್ಟು ನೀಲಿಯಾಗಿರುವುದಕ್ಕೆ ಒಂದು ಕಾರಣ ಮುಂಗಾರೇ.

ಹಡಗಿನವರಿಗೆ ಈ ಎರಡು ಗಾಳಿಗಳ ಜೊತೆಗಾರಿಕೆ ಬಹಳ ಹಿಂದೆಯೇ ಗೊತ್ತಿತ್ತು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಗ್ರೀಕ್ ವ್ಯಾಪಾರಿಯೊಬ್ಬ ಬರೆದಿಟ್ಟ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ನಮ್ಮ ಪಶ್ಚಿಮ ಕರಾವಳಿಯ ಇತಿಹಾಸ ಓದಿದವರಿಗೆಲ್ಲ ಪರಿಚಿತ. ಭಾರತದ ಕಡೆಗೆ ಹಡಗು ಒಯ್ಯುವ ನೈಋತ್ಯದ ಗಾಳಿಯನ್ನು ವಿವರಿಸುವಾಗ ಅವನು ತನ್ನ ಓದುಗರಿಗೆ ಕೊಡುವ ಗುರುತು ಏಜಿಯನ್ನಿನದೇ: ನಮ್ಮಲ್ಲಿ ವರ್ಷಕ್ಕೊಮ್ಮೆ ಬಡಗಣ ಗಾಳಿ ಬೀಸುವ ಕಾಲಕ್ಕೇ ಅಲ್ಲಿ ಕಡಲಿನಿಂದ ಗಾಳಿ ಏಳುತ್ತದೆ ಎಂದು. ಗಾಳಿಯ ಪಂಚಾಂಗ ಅವನಿಗೆ ಒಂದೇ ಆಗಿತ್ತು. ನಮ್ಮ ಮಳೆಗಾಲ ನೋಡಿಕೊಂಡೇ ಏಜಿಯನ್ ಪ್ರವಾಸದ ತಿಂಗಳು ಗೊತ್ತುಮಾಡಬಹುದು ಎಂದು ನಾನು ಹೇಳಿದಾಗ ಕೇಳಿದವರು ಅಚ್ಚರಿಪಡುತ್ತಾರೆ. ಪೆರಿಪ್ಲಸ್ ಬರೆದವನು ಪಡುತ್ತಿರಲಿಲ್ಲ.

ಇಷ್ಟೆಲ್ಲ ಗಾಳಿಯ ಮಾತು ಯಾಕೆಂದರೆ, ಮೆಲ್ಟೆಮಿ ಬೀಸುವಾಗ ಹಡಗು ನಿಲ್ಲುತ್ತದೆ. ಗಾಳಿಯ ವೇಗ ಬ್ಯೂಫೋರ್ಟ್ ಮಾಪಕದಲ್ಲಿ 8 ಮುಟ್ಟಿದರೆ, ಅಂದರೆ ಗಂಟೆಗೆ ಸುಮಾರು 62ರಿಂದ 74 ಕಿಲೋಮೀಟರ್ ಆದರೆ, ಸಾಮಾನ್ಯವಾಗಿ ದೊಡ್ಡ ಹಡಗುಗಳಿಗೂ ಬಂದರು ಅಧಿಕಾರಿಗಳು ತಡೆ ಹಾಕುತ್ತಾರೆ. ಸಣ್ಣ ದೋಣಿಗಳಿಗೆ ಮತ್ತು ವೇಗದ ಹಡಗುಗಳಿಗೆ ಅದಕ್ಕೂ ಮೊದಲೇ ತಡೆ ಬೀಳುತ್ತದೆ. ‘ಅಪಗೊರೆಫ್ತಿಕೊ’, ಅಂದರೆ ತಡೆ, ಎಂಬ ಮಾತು ಧಕ್ಕೆಯಲ್ಲಿ ಬಾಯಿಂದ ಬಾಯಿಗೆ ಹರಡಿದಾಗ ಊರಿನವರು ಕಾಫಿ ತರಿಸಿಕೊಂಡು ಕೂರುತ್ತಾರೆ, ಹೊಸಬರು ಮೋಡದ ತುಣುಕೂ ಇಲ್ಲದ ಆಕಾಶ ನೋಡಿ ನಂಬದೆ ಟಿಕೆಟ್ ಕಿಟಕಿಗೆ ಹೋಗಿ ವಾದಿಸುತ್ತಾರೆ. ತಡೆಗೆ ಕಾರಣವಿದೆ. 2000ದ ಸೆಪ್ಟೆಂಬರ್ 26ರ ರಾತ್ರಿ ‘ಎಕ್ಸ್‌ಪ್ರೆಸ್ ಸಮೀನಾ’ ಎಂಬ ಹಡಗು ಬಿರುಗಾಳಿಯಲ್ಲಿ ಪಾರೋಸ್ ಬಂದರಿನ ಹೊರಗಿನ ಬಂಡೆಗಳಿಗೆ ಬಡಿದು ಮುಳುಗಿ 80ಕ್ಕೂ ಹೆಚ್ಚು ಜನ ಸತ್ತರು. ಅಂದು ಮುಖ್ಯ ತಪ್ಪು ಗಾಳಿಯದಾಗಿರಲಿಲ್ಲ, ಹಡಗು ನಡೆಸುತ್ತಿದ್ದವರ ಅಲಕ್ಷ್ಯದ್ದಾಗಿತ್ತು. ಆದರೂ ಆ ರಾತ್ರಿಯ ನೆನಪಿರುವ ದ್ವೀಪದವರು ತಡೆಯ ಬಗ್ಗೆ ಗೊಣಗುವುದಿಲ್ಲ. ಹಡಗು ರದ್ದಾದರೆ ಟಿಕೆಟ್ ಹಣ ವಾಪಸು ಸಿಗುತ್ತದೆ, ಇಲ್ಲವೆ ಮುಂದಿನ ಹಡಗಿಗೆ ಬದಲಾಯಿಸಿಕೊಡುತ್ತಾರೆ. ಕಳೆದುಹೋದ ದಿನವನ್ನು ಯಾರೂ ವಾಪಸು ಕೊಡುವುದಿಲ್ಲ. ಪ್ರತಿ ದಿನಕ್ಕೊಂದು ದ್ವೀಪ ಎಂದು ಪೋಣಿಸಿಟ್ಟವರ ಯೋಜನೆಯಲ್ಲಿ ಒಂದು ಮಣಿ ಜಾರಿದರೆ ಸರವೆಲ್ಲ ಚೆಲ್ಲುತ್ತದೆ.

ಕ್ರಿ.ಪೂ. 351ರ ಸುಮಾರಿಗೆ ವಾಗ್ಮಿ ಡೆಮಾಸ್ತನೀಸ್ ಅಥೆನ್ಸಿನ ಸಭೆಯಲ್ಲಿ ಎಚ್ಚರಿಸಿದ್ದು ಇದೇ ಗಾಳಿಯ ಬಗ್ಗೆ. ಮ್ಯಾಸಿಡೋನಿಯದ ಫಿಲಿಪ್ ಯುದ್ಧಕ್ಕೆ ಹೊರಡುವುದು ಬಡಗಣ ಗಾಳಿ ಬೀಸುವ ಕಾಲ ಅಥವಾ ಚಳಿಗಾಲ ನೋಡಿಕೊಂಡು. ಆಗ ಅಥೆನ್ಸಿನ ಹಡಗುಗಳು ಎದುರುಗಾಳಿಯಲ್ಲಿ ಉತ್ತರಕ್ಕೆ ಹೋಗಿ ಅವನನ್ನು ತಡೆಯಲಾರವು ಎಂದು. ಎಂಜಿನ್ ಬಂದ ಮೇಲೂ ಇದರಲ್ಲಿ ಪ್ರವಾಸಿಗೆ ಒಂದು ಪಾಠ ಉಳಿದಿದೆ. ಬೇಸಿಗೆಯಲ್ಲಿ ದಕ್ಷಿಣಕ್ಕೆ ಹೋಗುವ ಹಡಗಿಗೆ ಬೆನ್ನ ಹಿಂದೆ ಗಾಳಿ, ಉತ್ತರಕ್ಕೆ ಅಥೆನ್ಸಿನ ಕಡೆ ಮರಳುವ ಹಡಗಿಗೆ ಎದುರಲೆ. ಹಾಗಾಗಿ ಮೊದಲು ದೂರದ ದ್ವೀಪಕ್ಕೆ ಒಂದೇ ಓಟದಲ್ಲಿ ಹೋಗಿ, ಮರಳುವಾಗ ತುಂಡು ತುಂಡಾಗಿ ಹತ್ತಿರಕ್ಕೆ ಬನ್ನಿ. ವಿಮಾನದ ದಿನ ಹತ್ತಿರವಾದಂತೆ ಬಂದರಿಗೂ ಹತ್ತಿರವಾಗಿರಬೇಕು.

ತಿಂಗಳ ಆಯ್ಕೆ ಸುಲಭ. ಮೇ ನಡುವಿನಿಂದ ಜೂನ್ ನಡುವಿನವರೆಗೆ ಒಂದು ಒಳ್ಳೆಯ ಕಾಲ, ಸೆಪ್ಟೆಂಬರ್ ಎರಡನೆಯ ವಾರದ ನಂತರ ಇನ್ನೊಂದು. ಮೇ ತಿಂಗಳಲ್ಲಿ ಗುಡ್ಡಗಳು ಇನ್ನೂ ಹಸಿರು, ಕಾಡು ಹೂಗಳಿರುತ್ತವೆ, ಆದರೆ ನೀರು ತಣ್ಣಗಿರುತ್ತದೆ. ನಮ್ಮ ಕರಾವಳಿಯಲ್ಲಿ ಈಜಿ ಬೆಳೆದವರಿಗೆ ನಡುಕ ಬರುತ್ತದೆ. ಬೇಸಿಗೆಯುದ್ದಕ್ಕೂ ಕಾದ ಕಡಲು ಸೆಪ್ಟೆಂಬರಿನಲ್ಲಿ ಬೆಚ್ಚಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವವರು ದಸರಾ ರಜೆಯನ್ನು ನೋಡಿಕೊಳ್ಳಬಹುದು. ಅಕ್ಟೋಬರ್ ಮೊದಲರ್ಧದಲ್ಲಿ ಕಡಲು ಇನ್ನೂ ಈಜಲು ಹಿತವಾಗಿರುತ್ತದೆ, ಜನ ಕಡಿಮೆ; ಹಡಗುಗಳೂ ಕಡಿಮೆ ಎಂಬುದನ್ನು ಮಾತ್ರ ಮರೆಯಬಾರದು.

ಆಗಸ್ಟ್ 15ರ ಆಸುಪಾಸಿಗೆ ಹೋಗಬೇಡಿ ಎನ್ನುತ್ತೇನೆ, ಟೀನೋಸ್‌ಗೆ ಹೋಗುವ ಉದ್ದೇಶವೇ ಇದ್ದರೆ ಹೊರತು. ಅಂದು ಕನ್ಯೆ ಮೇರಿಯ ಹಬ್ಬ, ಇಡೀ ಗ್ರೀಸ್ ಊರಿಗೆ ಹೊರಟಿರುತ್ತದೆ. 1823ರಲ್ಲಿ ನೆಲದಲ್ಲಿ ಸಿಕ್ಕ ಮೇರಿಯ ಚಿತ್ರಪಟವೊಂದು ಟೀನೋಸ್ ದ್ವೀಪದ ದೊಡ್ಡ ಚರ್ಚಿನಲ್ಲಿದೆ. ಹರಕೆ ಹೊತ್ತವರು ಬಂದರಿನಿಂದ ಚರ್ಚಿನವರೆಗಿನ ಏರು ರಸ್ತೆಯನ್ನು ಮಂಡಿಯಲ್ಲಿ ತೆವಳುತ್ತ ಹತ್ತುತ್ತಾರೆ. ಅವರಿಗೆಂದೇ ರಸ್ತೆಯ ಅಂಚಿಗೆ ಉದ್ದಕ್ಕೂ ಜಮಖಾನೆಯ ಪಟ್ಟಿ ಹಾಸಿರುತ್ತದೆ. ಉರುಳುಸೇವೆ ಕಂಡು ಬೆಳೆದ ನಮಗೆ ಆ ಮಂಡಿಗಳ ಬಗ್ಗೆ ಯಾರೂ ವಿವರಿಸಬೇಕಾಗಿಲ್ಲ. ಯುರೋಪಿನ ಪ್ರವಾಸವೆಂದರೆ ವಸ್ತುಸಂಗ್ರಹಾಲಯ ಮತ್ತು ಕಡಲತೀರ ಎಂದುಕೊಂಡವರು ಒಮ್ಮೆ ಆ ರಸ್ತೆಯ ಬದಿಯಲ್ಲಿ ನಿಲ್ಲಬೇಕು.

ಇನ್ನು ಹಡಗಿನ ಮಾರ್ಗ. ಗ್ರೀಸಿಗೆ ಸಾವಿರಾರು ದ್ವೀಪಗಳಿವೆ, ಜನ ಇರುವುದು ಇನ್ನೂರಕ್ಕೂ ಮೇಲ್ಪಟ್ಟು. ನಕ್ಷೆಯಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕೋರ್ಫು ಇರುವುದು ದೇಶದ ಇನ್ನೊಂದು ಮಗ್ಗುಲಿನ ಅಯೋನಿಯನ್ ಕಡಲಿನಲ್ಲಿ. ರೋಡ್ಸ್ ಟರ್ಕಿಯ ದಡಕ್ಕೆ ತಾಗಿಕೊಂಡಿದೆ. ಇವೆರಡನ್ನೂ ಸ್ಯಾಂಟೊರಿನಿಯನ್ನೂ ಒಂದೇ ವಾರದ ಪಟ್ಟಿಯಲ್ಲಿ ಬರೆದವರನ್ನು ನಾನು ಬಲ್ಲೆ. ಮೊದಲ ಪ್ರವಾಸಕ್ಕೆ ಒಂದೇ ಗುಂಪು ಸಾಕು, ಅದು ಡೆಲೋಸ್ ಎಂಬ ಪುಟ್ಟ ದ್ವೀಪದ ಸುತ್ತ ಬಳೆಯಾಗಿ ನಿಂತ ಸಿಕ್ಲಡೀಸ್ ಆಗಲಿ. ಅದರೊಳಗೂ ಹಡಗುಗಳು ಓಡುವುದು ನಕ್ಷೆಯ ಅಂತರ ನೋಡಿ ಅಲ್ಲ, ಅಥೆನ್ಸಿನಿಂದ ಹೊರಟ ದಾರಗಳ ಮೇಲೆ. ಪಾರೋಸ್, ನ್ಯಾಕ್ಸೋಸ್, ಸ್ಯಾಂಟೊರಿನಿ ಒಂದು ದಾರ. ಸಿರೋಸ್, ಟೀನೋಸ್, ಮಿಕೊನೋಸ್ ಇನ್ನೊಂದು. ಪಶ್ಚಿಮದ ಕಿತ್ನೋಸ್, ಸೆರಿಫೋಸ್, ಸಿಫ್ನೋಸ್, ಮಿಲೋಸ್ ಮತ್ತೊಂದು. ಒಂದೇ ದಾರದ ಮೇಲಿನ ದ್ವೀಪಗಳ ನಡುವೆ ದಿನಕ್ಕೆ ಹಲವು ಹಡಗು. ಪಾರೋಸ್‌ನಿಂದ ನ್ಯಾಕ್ಸೋಸ್‌ಗೆ ಒಂದು ಗಂಟೆಯೂ ಬೇಡ. ದಾರದಿಂದ ದಾರಕ್ಕೆ ಜಿಗಿಯಲು ಹೊರಟರೆ ಕಣ್ಣಿಗೆ ಕಾಣುವಷ್ಟು ಹತ್ತಿರದ ದ್ವೀಪಕ್ಕೂ ವಾರದಲ್ಲಿ ಕೆಲವೇ ಹಡಗುಗಳಿರಬಹುದು. ಜನ ಕಡಿಮೆ ಇರುವ ಸಣ್ಣ ದ್ವೀಪಗಳಿಗೆ ಲಾಭವಿಲ್ಲವೆಂದು ಯಾವ ಕಂಪನಿಯೂ ಹೋಗುವುದಿಲ್ಲ, ಸರ್ಕಾರವೇ ಸಹಾಯಧನ ಕೊಟ್ಟು ಹಡಗು ಓಡಿಸುತ್ತದೆ. ನ್ಯಾಕ್ಸೋಸ್‌ನಿಂದ ಇರಾಕ್ಲಿಯಾ, ಸ್ಕಿನೂಸಾ, ಕೂಫೊನಿಸಿ ಮುಟ್ಟಿ ಅಮೊರ್ಗೋಸ್‌ಗೆ ಹೋಗುವ ‘ಸ್ಕೊಪೆಲಿಟಿಸ್’ ಎಂಬ ಪುಟ್ಟ ಹಡಗು ಅಂಥ ಊರುಗಳಿಗೆ ತರಕಾರಿ, ಔಷಧಿ, ಟಪಾಲು, ಅಜ್ಜಿಯರನ್ನೆಲ್ಲ ಒಟ್ಟಿಗೆ ಹೊತ್ತು ದಶಕಗಳಿಂದ ಓಡಾಡುತ್ತ ಬಂದಿದೆ. ಅಲೆಗೆ ಹೊಟ್ಟೆ ತೊಳಸಿದರೂ ಸರಿ, ಆ ಹಾದಿಯಲ್ಲಿ ಒಮ್ಮೆಯಾದರೂ ಹೋಗಿಬನ್ನಿ.

ಅಥೆನ್ಸಿನ ಮುಖ್ಯ ಬಂದರು ಪಿರಿಯಸ್. ವಿಮಾನ ನಿಲ್ದಾಣದಿಂದ ಮೆಟ್ರೊ ನೇರವಾಗಿ ಅಲ್ಲಿಗೆ ಒಂದು ಗಂಟೆಯಲ್ಲಿ ಒಯ್ಯುತ್ತದೆ; 2022ರಲ್ಲಿ ಆ ಮಾರ್ಗ ಬಂದರಿನವರೆಗೆ ಬಂತು. ಬಂದರು ಬಹಳ ದೊಡ್ಡದು, ದ್ವಾರಗಳಿಗೆ ಸಂಖ್ಯೆಗಳಿವೆ, ಒಂದರಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ಹಡಗು ಹೊರಟುಹೋಗಬಹುದು. ಅನೇಕ ಹಡಗುಗಳು ಬೆಳಗ್ಗೆ ಏಳರ ಸುಮಾರಿಗೇ ಹೊರಡುವುದರಿಂದ ಹಿಂದಿನ ರಾತ್ರಿ ಪಿರಿಯಸ್‌ನಲ್ಲೇ ತಂಗುವುದು ಜಾಣತನ. ಹಡಗುಗಳಲ್ಲಿ ಎರಡು ಬಗೆ. ಸಾಂಪ್ರದಾಯಿಕ ದೊಡ್ಡ ಹಡಗು ನ್ಯಾಕ್ಸೋಸ್‌ಗೆ ಐದು ಗಂಟೆಗೂ ಹೆಚ್ಚು, ಸ್ಯಾಂಟೊರಿನಿಗೆ ಎಂಟರ ಹತ್ತಿರ ತೆಗೆದುಕೊಳ್ಳುತ್ತದೆ. ವೇಗದ ಹಡಗಿಗೆ ಸಮಯ ಕಡಿಮೆ, ದರ ಹೆಚ್ಚು, ಕುರ್ಚಿ ಬಿಟ್ಟೇಳಲು ಜಾಗವಿಲ್ಲ, ಗಾಜಿನಾಚೆ ಉಪ್ಪುನೀರಿನ ಎರಚಲು. ನಾನು ದೊಡ್ಡ ಹಡಗಿನ ಪಕ್ಷ. ತೆರೆದ ಡೆಕ್ಕಿನ ಮೇಲೆ ಕೂತವನಿಗೆ ದ್ವೀಪಗಳು ಒಂದೊಂದಾಗಿ ಎದ್ದು ಬರುತ್ತವೆ, ಹಿಂದಿನದು ಕರಗುವ ಮೊದಲೇ ಮುಂದಿನದು ಕಾಣುತ್ತದೆ. ಹಳೆಯ ನಾವಿಕರು ದಿಕ್ಸೂಚಿ ಇಲ್ಲದೆ ಈ ಕಡಲು ದಾಟಿದ್ದು ಹೇಗೆಂದು ಆಗ ಪುಸ್ತಕದ ಸಹಾಯವಿಲ್ಲದೆ ತಿಳಿಯುತ್ತದೆ.

ಇಳಿಯುವ ಹೊತ್ತಿಗೆ ಮಾತ್ರ ಮೈಮರೆಯಬಾರದು. ಧ್ವನಿವರ್ಧಕದಲ್ಲಿ ದ್ವೀಪದ ಹೆಸರು ಕೇಳುತ್ತಲೇ ಕೆಳಗಿನ ಗ್ಯಾರೇಜಿಗೆ ಇಳಿಯಬೇಕು. ಅಲ್ಲಿ ಸಾಮಾನು ಇಡುವ ಕಟಕಟೆಗಳ ಮೇಲೆ ದ್ವೀಪಗಳ ಹೆಸರು ಬರೆದಿರುತ್ತದೆ. ಹತ್ತುವಾಗಲೇ ನಿಮ್ಮ ದ್ವೀಪದ ಕಟಕಟೆಯಲ್ಲಿ ಪೆಟ್ಟಿಗೆ ಇಟ್ಟಿರಬೇಕು. ಲಾರಿಗಳ ನಡುವೆ, ಡೀಸೆಲ್ ವಾಸನೆಯಲ್ಲಿ ಜನ ಒತ್ತೊತ್ತಾಗಿ ನಿಂತಿರುತ್ತಾರೆ. ಲಂಗರಿನ ಸರಪಳಿ ಗಡಗಡನೆ ಇಳಿಯುತ್ತದೆ, ಹಡಗು ಹಿಮ್ಮೊಗವಾಗಿ ಧಕ್ಕೆಯ ಕಡೆ ಸರಿಯುತ್ತದೆ, ಹಿಂಬದಿಯ ಕಬ್ಬಿಣದ ಬಾಗಿಲು ಧಕ್ಕೆ ಮುಟ್ಟುವ ಮೊದಲೇ ಅರ್ಧ ಇಳಿದು ಬಿಸಿಲಿನ ಪಟ್ಟೆಯೊಂದು ಒಳಗೆ ಬೀಳುತ್ತದೆ. ಆಮೇಲೆ ಎಲ್ಲ ಕೆಲವೇ ನಿಮಿಷ. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಲಾರಿಗಳು ಹಿಂದಕ್ಕೆ ಮುಂದಕ್ಕೆ ಸರಿದು, ಬಾಗಿಲು ಮತ್ತೆ ಮೇಲೇಳುತ್ತದೆ.

ಹಾಗಾದರೆ ಯಾವ ದ್ವೀಪ? ಹತ್ತು ದಿನವಿದ್ದರೆ ಮೂರು ಸಾಕು, ಅದರಲ್ಲಿ ಅರ್ಧ ದಿನಗಳನ್ನು ನ್ಯಾಕ್ಸೋಸ್‌ಗೆ ಕೊಡಿ. ಸಿಕ್ಲಡೀಸ್‌ನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. 1,000 ಮೀಟರ್ ದಾಟಿದ ಝಾಸ್ ಬೆಟ್ಟ ಇಲ್ಲಿದೆ, ಹೊಲಗದ್ದೆಗಳಿವೆ, ಆಲೂಗಡ್ಡೆ ಬೆಳೆಯುತ್ತಾರೆ. ಪ್ರವಾಸಿ ಬರದಿದ್ದರೂ ಬದುಕಬಲ್ಲ ದ್ವೀಪದಲ್ಲಿ ಪ್ರವಾಸಿಗೆ ಸಿಗುವ ಆತಿಥ್ಯವೇ ಬೇರೆ. ಬಂದರಿಗೆ ಬರುವಾಗಲೇ ಕಾಣುವುದು ಆಕಾಶಕ್ಕೆ ತೆರೆದ ಒಂಟಿ ಅಮೃತಶಿಲೆಯ ಬಾಗಿಲು, ಪೋರ್ಟಾರಾ. ಲಿಗ್ಡಾಮಿಸ್ ಎಂಬ ಸರ್ವಾಧಿಕಾರಿ ಕ್ರಿ.ಪೂ. ಆರನೆಯ ಶತಮಾನದಲ್ಲಿ ಶುರುಮಾಡಿ ಮುಗಿಸಲಾಗದ ದೇವಾಲಯದ ಬಾಗಿಲು ಅದು. ನನ್ನ ಮನಸ್ಸು ಹೆಚ್ಚು ನಿಲ್ಲುವುದು ದ್ವೀಪದ ಉತ್ತರ ತುದಿಯ ಅಪೊಲೊನಾಸ್ ಹಳ್ಳಿಯಲ್ಲಿ. ಅಲ್ಲಿ ಗುಡ್ಡದ ಕಲ್ಲುಕ್ವಾರಿಯಲ್ಲಿ ಹತ್ತು ಮೀಟರಿಗೂ ಉದ್ದದ ವಿಗ್ರಹವೊಂದು ಅಂಗಾತ ಮಲಗಿದೆ. ಟಿಕೆಟ್ ಇಲ್ಲ, ಗಾಜಿನ ಪೆಟ್ಟಿಗೆ ಇಲ್ಲ. ಗಡ್ಡದ ಚಾಚು ಇದೆ, ತೋಳುಗಳ ಅಂದಾಜು ರೂಪವಿದೆ, ಪಾದಗಳು ಇನ್ನೂ ಚೌಕದ ದಿಮ್ಮಿಗಳು. ಮುಖ ಬಿಡಿಸುವ ಹಂತಕ್ಕೆ ಕೆಲಸ ಬಂದಿರಲಿಲ್ಲ. ಮೈಮೇಲೆಲ್ಲ ಚೂಪು ಉಳಿಯ ಏಟುಗಳು ಇನ್ನೂ ಎಣಿಸುವಂತಿವೆ, ಮಳೆ ನಿಂತು ಮಾಸಿದ ಬಿರುಕುಗಳೂ ಕಾಣುತ್ತವೆ. ಬಿರುಕು ಕಂಡೇ ಕೈಬಿಟ್ಟರೋ ಏನೋ. ಇಷ್ಟು ತೂಕದ ಕಲ್ಲನ್ನು ಗುಡ್ಡದಿಂದ ಇಳಿಸಿ ಹಡಗಿಗೆ ಏರಿಸಬೇಕಾದ್ದರಿಂದ ಶಿಲ್ಪಿಗಳು ಕ್ವಾರಿಯಲ್ಲೇ ಒರಟಾಗಿ ಕಡೆದು ಭಾರ ಕಡಿಮೆ ಮಾಡಿಕೊಳ್ಳುತ್ತಿದ್ದರು. ಸೋಮನಾಥಪುರದ ಮುಗಿದ ಕೆತ್ತನೆ ನೋಡಿದ ಕಣ್ಣಿಗೆ ಈ ಮುಗಿಯದ ಕಲ್ಲು ಕೆಲಸದ ನಡುದಾರಿಯನ್ನೇ ತೆರೆದು ತೋರಿಸುತ್ತದೆ.

ನ್ಯಾಕ್ಸೋಸ್‌ನ ಕಲ್ಲು ಸೇರಿದ್ದು ಎಲ್ಲಿಗೆ ಎಂದು ನೋಡಲು ಡೆಲೋಸ್‌ಗೆ ಹೋಗಬೇಕು. ಮಿಕೊನೋಸ್‌ನಿಂದ ಅರ್ಧ ಗಂಟೆಯ ದೋಣಿ; ಬೇಸಿಗೆಯಲ್ಲಿ ನ್ಯಾಕ್ಸೋಸ್ ಮತ್ತು ಪಾರೋಸ್‌ನಿಂದಲೂ ದಿನದ ದೋಣಿಗಳು ಹೊರಡುತ್ತವೆ. ಗಾಳಿ ಎದ್ದರೆ ಮೊದಲು ರದ್ದಾಗುವುದು ಇವೇ, ಆದ್ದರಿಂದ ನೋಡಬೇಕೆಂದಿದ್ದರೆ ಕೊನೆಯ ದಿನಕ್ಕೆ ಎತ್ತಿಡಬೇಡಿ, ಶಾಂತವಾದ ಮೊದಲ ಬೆಳಗಿಗೇ ಹೊರಡಿ. ಸುಮಾರು ಐದು ಕಿಲೋಮೀಟರ್ ಉದ್ದದ ಈ ಬೋಳು ದ್ವೀಪ ಅಪೊಲೊ ದೇವರ ಹುಟ್ಟೂರು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಅಥೆನ್ಸಿನವರು ಇಲ್ಲಿನ ಗೋರಿಗಳನ್ನೆಲ್ಲ ಅಗೆಸಿ ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಿ, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಕಟ್ಟಳೆ ಮಾಡಿದರು. ಸಲಾಕೆ ಹಿಡಿದವರ ಭಕ್ತಿಯಲ್ಲಿ ರಾಜಕೀಯವೂ ಇತ್ತು. ಗ್ರೀಕ್ ಒಕ್ಕೂಟದ ಖಜಾನೆಯನ್ನು ಕ್ರಿ.ಪೂ. 454ರಲ್ಲೇ ಇದೇ ದ್ವೀಪದಿಂದ ಅಥೆನ್ಸಿಗೆ ಒಯ್ದಾಗಿತ್ತು. ಕ್ರಿ.ಪೂ. 166ರಲ್ಲಿ ರೋಮನ್ನರು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಡೆಲೋಸ್ ದೊಡ್ಡ ಪೇಟೆಯಾಯಿತು. ಒಂದೇ ದಿನ ಹತ್ತು ಸಾವಿರ ಗುಲಾಮರನ್ನು ಇಳಿಸಿ ಮಾರಬಲ್ಲ ಪೇಟೆ ಎಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಬರೆಯುತ್ತಾನೆ. ನೆಲದ ಮೇಲಿನ ಸುಂದರ ಮೊಸಾಯಿಕ್ ಚಿತ್ರಗಳನ್ನು ನೋಡುವಾಗ ಆ ಮನೆಗಳ ಹಣ ಎಲ್ಲಿಂದ ಬಂತೆಂಬುದನ್ನೂ ನೆನೆಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕ್ರಿ.ಪೂ. 88ರಲ್ಲಿ ರೋಮನ್ನರ ಶತ್ರು ರಾಜ ಮಿತ್ರಿಡೇಟಿಸ್‌ನ ಸೈನ್ಯ, 69ರಲ್ಲಿ ಕಡಲ್ಗಳ್ಳರು ಕೊಳ್ಳೆ ಹೊಡೆದ ಮೇಲೆ ಊರು ಮತ್ತೆ ಏಳಲಿಲ್ಲ. ನ್ಯಾಕ್ಸೋಸ್‌ನವರು ಅರ್ಪಿಸಿದ ಅಮೃತಶಿಲೆಯ ಸಿಂಹಗಳ ಸಾಲು ಪವಿತ್ರ ಸರೋವರದ ಕಡೆ ಬಾಯ್ತೆರೆದು ಕೂತಿವೆ. ಹೊರಗಿರುವವು ಪ್ರತಿಕೃತಿಗಳು, ಮೂಲ ಶಿಲ್ಪಗಳು ವಸ್ತುಸಂಗ್ರಹಾಲಯದ ಒಳಗೆ. ಸರೋವರವಿಲ್ಲ. ಮಲೇರಿಯಾಕ್ಕೆ ಹೆದರಿ 1920ರ ದಶಕದಲ್ಲಿ ಅದನ್ನು ಬತ್ತಿಸಿದರು, ಅದರ ಜಾಗದ ನಡುವೆ ಒಂದು ತಾಳೆ ಮರ ನಿಂತಿದೆ. ಇಂದಿಗೂ ಪ್ರವಾಸಿಗಳು ಅಲ್ಲಿ ರಾತ್ರಿ ಉಳಿಯುವಂತಿಲ್ಲ.

ಸ್ಯಾಂಟೊರಿನಿ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಜ್ವಾಲಾಮುಖಿ ಬಾಯಿಗೆ ಕಡಲು ತುಂಬಿಕೊಂಡ ಆ ನೋಟಕ್ಕೆ ಸಾಟಿ ಇಲ್ಲ, ನಿಜ. ಆದರೆ ದ್ವೀಪ ಬಳಲಿದೆ. ವಿಹಾರ ನೌಕೆಗಳಿಂದ ದಿನಕ್ಕೆ 8,000ಕ್ಕಿಂತ ಹೆಚ್ಚು ಜನ ಇಳಿಯಬಾರದೆಂದು 2025ರಿಂದ ಮಿತಿ ಹಾಕಬೇಕಾಗಿ ಬಂದಿದೆ. ಹೋಗುವುದಾದರೆ ಎರಡು ರಾತ್ರಿ ಇದ್ದು, ಸೂರ್ಯಾಸ್ತದ ನೂಕುನುಗ್ಗಲು ಬಿಟ್ಟು, ಬೂದಿಯಲ್ಲಿ ಹೂತಿದ್ದ ಅಕ್ರೊತಿರಿ ಪಟ್ಟಣ ನೋಡಿ. ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ 1967ರಲ್ಲಿ ಅಗೆಯತೊಡಗಿದ ಆ ಊರಿನಲ್ಲಿ ಎರಡಂತಸ್ತಿನ ಮನೆಗಳು, ಚರಂಡಿ, ಜಾಡಿಗಳು ಹಾಗೇ ಇವೆ. ಮೂರನೆಯ ದ್ವೀಪವಾಗಿ ನನ್ನ ಆಯ್ಕೆ ಸಿರೋಸ್. ಸಿಕ್ಲಡೀಸ್‌ನ ಆಡಳಿತ ಕೇಂದ್ರ ಎರ್ಮೂಪೊಲಿಯನ್ನು ಕಟ್ಟಿದ್ದು 1820ರ ದಶಕದ ಸ್ವಾತಂತ್ರ್ಯ ಸಮರದಲ್ಲಿ ಕಿಯೋಸ್, ಪ್ಸಾರಾ ದ್ವೀಪಗಳಿಂದ ಓಡಿಬಂದ ನಿರಾಶ್ರಿತರು. ಕೆಲವೇ ದಶಕಗಳಲ್ಲಿ ಅವರು ಹಡಗುಕಟ್ಟೆ ಮಾಡಿಕೊಂಡರು, 1864ರಲ್ಲಿ ಸಂಗೀತ ನಾಟಕಕ್ಕೆ ಅಪೊಲೊ ರಂಗಮಂದಿರ ತೆರೆದರು. ಪಿರಿಯಸ್‌ಗೆ ನಾಲ್ಕು ಗಂಟೆಯೊಳಗಿನ ದಾರಿ, ಮರಳುವ ಪ್ರವಾಸಿಗೆ ಹೇಳಿ ಮಾಡಿಸಿದ ಜಾಗ. ನ್ಯಾಕ್ಸೋಸ್‌ನಿಂದ ಅಲ್ಲಿಗೆ ಹಡಗು ಯಾವ ದಿನ ಇದೆ ಎಂದು ಮಾತ್ರ ಮೊದಲೇ ನೋಡಿಟ್ಟುಕೊಂಡು ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಗ್ರೀಕ್ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಬಹಳ, ಆಗ ಮಾಂಸ, ಹಾಲು, ಮೊಟ್ಟೆ ಬಿಟ್ಟು ಅಡುಗೆ ಮಾಡುವ ರೂಢಿ ಮನೆಮನೆಯಲ್ಲಿದೆ. ‘ನಿಸ್ತೀಸಿಮೊ’, ಅಂದರೆ ಉಪವಾಸದ ಅಡುಗೆ, ಇದೆಯೇ ಎಂದು ಕೇಳಿದರೆ ಯಜಮಾನಿಗೆ ಅರ್ಥವಾಗುತ್ತದೆ. ಸಿಗಡಿ, ಬೊಂಡಾಸ್ ಅವರ ಉಪವಾಸಕ್ಕೆ ಸಲ್ಲುವುದರಿಂದ ಅದೂ ಬೇಡವೆಂದು ಬಿಡಿಸಿ ಹೇಳಬೇಕು. ಅನ್ನ ತುಂಬಿದ ಟೊಮೆಟೊ, ದೊಡ್ಡ ಬಿಳಿ ಅವರೆಯಂಥ ಕಾಳು, ಬೇಯಿಸಿದ ಕಾಡುಸೊಪ್ಪಿಗೆ ಎಣ್ಣೆ ನಿಂಬೆ. ಸಿಫ್ನೋಸ್‌ನಲ್ಲಿ ಶನಿವಾರ ರಾತ್ರಿ ಮಣ್ಣಿನ ಗಡಿಗೆಯಲ್ಲಿ ಕಡಲೆ ತುಂಬಿ ಸೌದೆ ಒಲೆಗೆ ಇಟ್ಟು ಭಾನುವಾರ ತೆಗೆಯುತ್ತಾರೆ. ಸ್ಯಾಂಟೊರಿನಿಯ ‘ಫಾವಾ’ ನಮ್ಮ ಕೇಸರಿ ಬೇಳೆಯ ಕುಲಕ್ಕೇ ಸೇರಿದ ಗಿಡದ ಹಳದಿ ಬೇಳೆ, ನುಣ್ಣಗೆ ಬೇಯಿಸಿ ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು; ಶುಲ್ಕ 2024ರ ಜೂನ್‌ನಿಂದ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ಆರೋಗ್ಯ ವಿಮೆ ಬೇಕು. ಎಲ್ಲಿ ತಂಗುತ್ತೀರೆಂದು ಕೇಳುತ್ತಾರೆ. ಹಾಗಾಗಿ ಕೋಣೆಗಳನ್ನು ಮೊದಲೇ ಗೊತ್ತುಮಾಡಬೇಕು, ಆದರೆ ರದ್ದು ಮಾಡಲು ಅವಕಾಶವಿರುವಂಥವನ್ನೇ ಆರಿಸಿ. ಮುಂದಿನ ಬೇಸಿಗೆಯ ಹಡಗಿನ ವೇಳಾಪಟ್ಟಿ ಪೂರ್ತಿ ಹೊರಬರುವುದು ಸಾಮಾನ್ಯವಾಗಿ ಹೊಸ ವರ್ಷ ಬಂದ ಮೇಲೆಯೇ. ಡಿಸೆಂಬರಿನಲ್ಲಿ ಹಡಗು ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ವಿಮಾನಕ್ಕೆ ಹಿಂದಿನ ಪೂರ್ತಿ ದಿನ ಅಥೆನ್ಸಿನಲ್ಲಿರಿ. ಗಾಳಿಗಾಗಿ ಕಾಯ್ದಿಟ್ಟ ದಿನ ಅದು, ಹಡಗು ತಡವಾದರೆ ಅದು ನಿಮ್ಮನ್ನು ಕಾಪಾಡುತ್ತದೆ. ಹಡಗು ಸಮಯಕ್ಕೆ ಬಂದರೆ ಆ ದಿನವನ್ನು ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಕೊಡಿ. ಅಕ್ರೊತಿರಿಯ ಗೋಡೆಗಳಿಂದ ತೆಗೆದ ವಸಂತದ ಚಿತ್ರ ಅಲ್ಲಿದೆ, ಮುಷ್ಟಿಯುದ್ಧ ಆಡುವ ಹುಡುಗರ ಚಿತ್ರವೂ ಇದೆ. ನ್ಯಾಕ್ಸೋಸ್‌ಗೂ ಅಮೊರ್ಗೋಸ್‌ಗೂ ನಡುವಿನ ಕೆರೋಸ್ ಎಂಬ ಜನರಿಲ್ಲದ ದ್ವೀಪದಲ್ಲಿ ಸಿಕ್ಕ, ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯ, ಕುರ್ಚಿಯ ಮೇಲೆ ಕೂತು ತಲೆಯೆತ್ತಿ ಕಿನ್ನರಿ ನುಡಿಸುವ ಗೇಣುದ್ದದ ಅಮೃತಶಿಲೆಯ ವಾದಕ ಅಲ್ಲೇ ಇದ್ದಾನೆ. ಸ್ಕೊಪೆಲಿಟಿಸ್ ಹಡಗಿನಲ್ಲಿ ಹೋದವರು ಆ ದ್ವೀಪವನ್ನು ದೂರದಿಂದ ಕಂಡೇ ಇರುತ್ತಾರೆ.